ಜನ ಕಡಿಮೆ, ಮುಂದಾಳೂ ಹೊರಟಿದ್ದಾರೆ: ಯುವಜನ ಕಾರ್ಯಕ್ರಮಕ್ಕೆ ಯಾವ ದಾರಿ ಹೊಂದುತ್ತದೆ?

ನಮ್ಮ ಸಂಯೋಜಕಿ ಕೆಲಸ ಬಿಡುವ ಮಾತು ಹೇಳಿದ್ದು ಜನವರಿಯಲ್ಲಿ, ಸಂಕ್ರಮಣದ ಮಾರನೇ ದಿನ. ಮೇಜಿನ ಮೇಲೆ ಕುಸುರೆಳ್ಳಿನ ಡಬ್ಬಿ ಇತ್ತು, ಯಾರೂ ಮುಟ್ಟಲಿಲ್ಲ. ಅದಕ್ಕೂ ಮೊದಲೇ, ದೀಪಾವಳಿ ಕಳೆದ ಮೇಲೆ, ಮೂವರು ಹೋಗಿಯಾಗಿತ್ತು. ಒಬ್ಬನಿಗೆ ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆ ಸಿಕ್ಕಿತು, ಒಬ್ಬಳಿಗೆ ಮದುವೆಯಾಯಿತು, ಇನ್ನೊಬ್ಬ ಹುಬ್ಬಳ್ಳಿಯಲ್ಲಿ ಕೆಲಸ ನೋಡಿಕೊಂಡ. ಹಾವೇರಿ ಜಿಲ್ಲೆಯ ಒಂದು ತಾಲ್ಲೂಕಿನ 14 ಊರುಗಳಲ್ಲಿ 13ರಿಂದ 21 ವರ್ಷದ ಹುಡುಗ ಹುಡುಗಿಯರ ಜತೆ ವಾರಕ್ಕೊಮ್ಮೆ ಕೂರುವ ಕಾರ್ಯಕ್ರಮ ಅದು. ಓದು, ಆಟ, ಆರೋಗ್ಯದ ಮಾತು, ಹತ್ತನೇ ತರಗತಿ ಮುಗಿದ ಮೇಲೆ ಮುಂದೇನು ಎಂಬ ಚರ್ಚೆ. 7 ಜನ ನಡೆಸುತ್ತಿದ್ದ ಕೆಲಸಕ್ಕೆ 4 ಜನ ಉಳಿದಿದ್ದರು. ಆ ನಾಲ್ವರಲ್ಲಿ ಎಲ್ಲರನ್ನೂ ಹಿಡಿದು ನಿಲ್ಲಿಸಿದ್ದವರೇ ಮಾರ್ಚ್ 31ಕ್ಕೆ ಹೊರಡುವವರಿದ್ದರು.

ನಾನು ಆಗ ಆಡಳಿತ ಮಂಡಳಿಯಲ್ಲಿದ್ದೆ. ಆ ಎರಡೂವರೆ ತಿಂಗಳಲ್ಲಿ ನಾವು ತಪ್ಪು ಮಾಡಿದೆವು, ತಿದ್ದಿಕೊಂಡೆವು. ಆಮೇಲೆ ಇಂಥದೇ ಇಕ್ಕಟ್ಟಿನಲ್ಲಿದ್ದ ಬೇರೆ ಕೆಲವು ತಂಡಗಳ ಜತೆಯೂ ಕೂತು ಮಾತಾಡಿದ್ದೇನೆ. ನಮ್ಮ ಮುಂದೆ ಯಾವ ಯಾವ ದಾರಿಗಳಿದ್ದವು, ಯಾವುದು ಯಾರಿಗೆ ಒಗ್ಗುತ್ತದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ನನ್ನ ನಿಲುವು ಹೇಳಿಬಿಡುತ್ತೇನೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮೊದಲು ಖಾಲಿ ಜಾಗಗಳನ್ನು ತುಂಬಲು ಓಡುತ್ತಾರೆ, ಅದರ ನಡುವೆಯೇ ಹೊಸ ಮುಖ್ಯಸ್ಥರನ್ನೂ ಹುಡುಕುತ್ತಾರೆ. ಎರಡೂ ಒಟ್ಟಿಗೆ ನಡೆದರೆ ಎರಡೂ ಕೆಡುತ್ತವೆ. ಮೊದಲು ಕೆಲಸವನ್ನು ಇರುವ ಕೈಗಳ ಅಳತೆಗೆ ತನ್ನಿ. ಆಮೇಲೆ ಮುಂದಾಳನ್ನು ಆರಿಸಿ. ಉಳಿದವರ ನೇಮಕವನ್ನು ಆ ಹೊಸ ಮುಂದಾಳು ಕೂತು ಮಾಡಲಿ. ತಾನು ಆರಿಸಿಕೊಳ್ಳದ ತಂಡವನ್ನು ಹೊತ್ತುಕೊಂಡು ನಡೆಯುವುದು ಯಾರಿಗೂ ಸುಲಭವಲ್ಲ, ಅದರಲ್ಲೂ ಮೊದಲ ವರ್ಷ.

ಜನ ಯಾಕೆ ಉಳಿಯುವುದಿಲ್ಲ ಎಂಬುದನ್ನು ನೋಡದೆ ದಾರಿ ಆರಿಸಬೇಡಿ

ಯುವಜನರ ಜತೆ ಕೆಲಸ ಮಾಡುವವರೂ ಬಹುಪಾಲು ಯುವಜನರೇ. 22ರಿಂದ 28ರ ವಯಸ್ಸು. ಹಗಲು ಊರೂರು ಸುತ್ತಿ, ರಾತ್ರಿ ಪಿಡಿಒ ಪರೀಕ್ಷೆಗೋ ಶಿಕ್ಷಕರ ನೇಮಕಾತಿಗೋ ಓದುತ್ತಿರುತ್ತಾರೆ. ಹುಡುಗರು ಮಕ್ಕಳು ಸಿಗುವುದು ಶಾಲೆ ಕಾಲೇಜು ಬಿಟ್ಟ ಮೇಲೆ, ಇಲ್ಲವೇ ಭಾನುವಾರ. ಹಾಗಾಗಿ ಇವರ ದುಡಿಮೆಯ ಹೊತ್ತು ಸಂಜೆ ಐದರಿಂದ ಎಂಟು. ಕೊನೆಯ ಬಸ್ಸು ಎಂಟೂವರೆಗೆ. ಹೆಣ್ಣುಮಕ್ಕಳು ಈ ಕೆಲಸ ಬಿಡಲು ಸಂಬಳಕ್ಕಿಂತ ಆ ಬಸ್ಸೇ ದೊಡ್ಡ ಕಾರಣ ಎಂದು ನಾನು ಕಂಡುಕೊಂಡದ್ದು ತಡವಾಗಿ. ಬಿಟ್ಟುಹೋಗುವ ಪ್ರತಿಯೊಬ್ಬರ ಎದುರೂ ಅರ್ಧ ಗಂಟೆ ಕೂತು, ಯಾಕೆ ಹೋಗುತ್ತಿದ್ದೀರಿ ಎಂದು ಕೇಳಿ ಬರೆದಿಡಿ. ಮೂವರು ಒಂದೇ ಕಾರಣ ಹೇಳಿದರೆ ನಾಲ್ಕನೆಯವರನ್ನು ನೇಮಿಸುವ ಮೊದಲು ಅದನ್ನು ಸರಿಪಡಿಸಿ.

ಇನ್ನೊಂದು ಕಾರಣ ಹಣದ ಹರಿವಿನಲ್ಲಿದೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯ ನಂತರ ಆ ದೇಣಿಗೆಯಲ್ಲಿ ಆಡಳಿತ ವೆಚ್ಚಕ್ಕೆ ಶೇ. 20ಕ್ಕಿಂತ ಹೆಚ್ಚು ಬಳಸುವಂತಿಲ್ಲ, ಮೊದಲು ಆ ಮಿತಿ ಶೇ. 50 ಇತ್ತು. ಒಂದು ಸಂಸ್ಥೆ ಪಡೆದ ವಿದೇಶಿ ದೇಣಿಗೆಯನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವುದನ್ನೂ ಅದೇ ತಿದ್ದುಪಡಿ ನಿಲ್ಲಿಸಿತು. ದೊಡ್ಡ ಸಂಸ್ಥೆಗಳ ಮೂಲಕ ನಡೆಯುತ್ತಿದ್ದ ತಾಲ್ಲೂಕು ಮಟ್ಟದ ಎಷ್ಟೋ ಗುಂಪುಗಳಿಗೆ ಇದು ನೇರವಾಗಿ ತಟ್ಟಿತು. ಕಂಪನಿಗಳು ಸಾಮಾಜಿಕ ಹೊಣೆಯಾಗಿ ಕೊಡುವ ಸಿಎಸ್‌ಆರ್ ಹಣ ಬಂದರೂ ಹೆಚ್ಚಾಗಿ ವರ್ಷದ ಲೆಕ್ಕ, ಮಾರ್ಚ್‌ಗೆ ಮುಗಿಯುವ ಒಪ್ಪಂದ. ಮುಂದಿನ ಏಪ್ರಿಲ್‌ಗೆ ಸಂಬಳ ಇದೆಯೋ ಇಲ್ಲವೋ ಗೊತ್ತಿಲ್ಲದವನು ಫೆಬ್ರವರಿಯಲ್ಲೇ ಬೇರೆ ಕೆಲಸ ಹುಡುಕುತ್ತಾನೆ. ಅವನದೇನೂ ತಪ್ಪಿಲ್ಲ.

ಊರು ಕಡಿಮೆ ಮಾಡುವುದೋ, ಭೇಟಿ ಕಡಿಮೆ ಮಾಡುವುದೋ

4 ಜನ, 14 ಊರು. ಮೂರು ದಾರಿಗಳಿದ್ದವು. ಇರುವವರ ಮೇಲೇ ಎಲ್ಲ ಊರು ಹೇರುವುದು ಒಂದು. ವಾರಕ್ಕೊಮ್ಮೆ ಹೋಗುತ್ತಿದ್ದ ಕಡೆ ಹದಿನೈದು ದಿನಕ್ಕೊಮ್ಮೆ ಹೋಗುವುದು ಇನ್ನೊಂದು. ಮೂರನೆಯದು ಕೆಲವು ಊರುಗಳನ್ನು ಸದ್ಯಕ್ಕೆ ಬಿಡುವುದು.

ಮೊದಲನೆಯದನ್ನು ಯಾರೂ ಬೇಕೆಂದು ಆರಿಸುವುದಿಲ್ಲ, ಏನೂ ನಿರ್ಧರಿಸದಿದ್ದರೆ ಅದು ತಾನಾಗಿ ಬರುತ್ತದೆ. ಒಬ್ಬರು ಎರಡು ತಿಂಗಳು ಎಳೆಯುತ್ತಾರೆ, ಮೂರನೇ ತಿಂಗಳು ಜ್ವರ ಬಂದು ಮಲಗುತ್ತಾರೆ, ಆಮೇಲೆ ರಾಜೀನಾಮೆ. ಅದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ.

ನಾವು ಮಾಡಿದ ತಪ್ಪು ಎರಡನೆಯದು. ಯಾವ ಊರನ್ನೂ ಬಿಡಲು ಮನಸ್ಸಾಗಲಿಲ್ಲ, ಹದಿನೈದು ದಿನಕ್ಕೊಮ್ಮೆ ಹೋದರಾಯಿತು ಎಂದುಕೊಂಡೆವು. ಕಾಗದದ ಮೇಲೆ ಅದು ನ್ಯಾಯವಾಗಿ ಕಾಣುತ್ತದೆ. ಆದರೆ ಹದಿಹರೆಯದವರ ಗುಂಪು ನಡೆಯುವುದು ವಾರದ ಲಯದ ಮೇಲೆ. ‘ಗುರುವಾರ ಅಕ್ಕ ಬರ್ತಾರ’ ಎಂಬುದು ಮೈಗೂಡಿರುತ್ತದೆ. ‘ಈ ಗುರುವಾರನೋ, ಮುಂದಿಂದೋ?’ ಎಂದು ಕೇಳುವ ಹಾಗಾದರೆ ಅರ್ಧ ಮಂದಿ ಬರುವುದಿಲ್ಲ. ಒಂದು ಸಲ ಹಬ್ಬ, ಒಂದು ಸಲ ಮಳೆ ಎಂದು ತಪ್ಪಿದರೆ ತಿಂಗಳು ಪೂರ್ತಿ ಹೋಯಿತು. ಆರು ವಾರದಲ್ಲಿ 14 ಊರುಗಳಲ್ಲೂ ಗುಂಪು ಸಡಿಲವಾಯಿತು.

ಮೂರನೆಯದು ಮನಸ್ಸಿಗೆ ಕಷ್ಟ, ಆದರೆ ಅದೇ ಸರಿ. 8 ಊರು ಉಳಿಸಿಕೊಂಡು, ಅಲ್ಲಿ ವಾರಕ್ಕೊಮ್ಮೆ ತಪ್ಪದೆ ಹೋಗುವುದು ಎಂದು ಬದಲಿಸಿದೆವು. ಯಾವ ಊರು ಬಿಡಬೇಕು ಎನ್ನುವಾಗ ಹಾಜರಿ ಕಡಿಮೆ ಇರುವ ಊರನ್ನು ಬಿಡೋಣ ಎಂದೇ ಎಲ್ಲರ ಬಾಯಲ್ಲಿ ಬರುತ್ತದೆ. ಅಲ್ಲಿ ಸ್ವಲ್ಪ ನಿಲ್ಲಿ. ರಾಣೆಬೆನ್ನೂರು, ಹಾವೇರಿ ಕಡೆ ಬೀಜೋತ್ಪಾದನೆಯ ಹೊಲಗಳಲ್ಲಿ ಕ್ರಾಸಿಂಗ್ ಕೆಲಸ ಇರುತ್ತದೆ. ಹೂವಿನ ಗಂಡು ಭಾಗವನ್ನು ಚಿಮಟದಲ್ಲಿ ಕಿತ್ತು ಬೇರೆ ಹೂವಿನ ಪರಾಗ ಮುಟ್ಟಿಸುವ ಸೂಕ್ಷ್ಮದ ಕೆಲಸ. ಅದಕ್ಕೆ ಹೆಣ್ಣುಮಕ್ಕಳ ಕೈಯೇ ಬೇಕೆನ್ನುತ್ತಾರೆ. ಹಾಜರಿ ಕಡಿಮೆ ಇದ್ದ ಊರುಗಳಲ್ಲಿ ಹುಡುಗಿಯರು ಆ ಹೊಲಗಳಲ್ಲಿದ್ದರು. ಕಾರ್ಯಕ್ರಮ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು ಅಂಥ ಊರಿಗೇ. ಹಾಗಾಗಿ ನಾವು ಬಿಟ್ಟದ್ದು ಹೈಸ್ಕೂಲು ಹತ್ತಿರವಿದ್ದ, ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರ ಚೆನ್ನಾಗಿ ನಡೆಯುತ್ತಿದ್ದ, ಮಕ್ಕಳಿಗೆ ಕೂರಲು ಬೇರೆ ಜಾಗ ಇದ್ದ ಊರುಗಳನ್ನು. ಬಿಡುವಾಗ ಹೇಳದೆ ಮಾಯವಾಗಬೇಡಿ. ಊರಿಗೆ ಹೋಗಿ, ಮಕ್ಕಳ ಎದುರು, ಇಂಥ ತಿಂಗಳಿನವರೆಗೆ ಬರಲಾಗುವುದಿಲ್ಲ ಎಂದು ಹೇಳಿ, ಆಟದ ಸಾಮಾನಿನ ಪೆಟ್ಟಿಗೆ ಅಲ್ಲೇ ಬಿಟ್ಟು ಬನ್ನಿ.

ದೇಣಿಗೆ ಕೊಟ್ಟವರಿಗೆ ಏನು ಹೇಳುವುದು ಎಂಬ ಭಯ ಎಲ್ಲರಿಗೂ ಇರುತ್ತದೆ. ಗುರಿಯ ಸಂಖ್ಯೆ ಇಳಿಯುತ್ತದೆ, ನಿಜ. ವರ್ಷದ ಕೊನೆಯ ವರದಿಯಲ್ಲಿ ಹೇಳುವ ಬದಲು ಆಗಲೇ ಪತ್ರ ಬರೆದು ತಿಳಿಸಿದೆವು. ಅವರು ಒಪ್ಪಿದರು. ಒಪ್ಪದವರೂ ಇರಬಹುದು. ಆದರೆ 14 ಊರಿನ ಸುಳ್ಳು ಹಾಜರಿ ಬರೆಯುವ ಸ್ಥಿತಿಗೆ ಕಾರ್ಯಕರ್ತರನ್ನು ತಳ್ಳುವುದಕ್ಕಿಂತ ಒಂದು ಕಂತು ಹೋಗುವುದು ವಾಸಿ.

ಖಾಲಿ ಜಾಗಕ್ಕೆ ಯಾರು?

ಹೊಸಬರನ್ನು ಪೂರ್ಣಾವಧಿಗೆ ನೇಮಿಸುವುದು ಎಲ್ಲಕ್ಕಿಂತ ಗಟ್ಟಿ ದಾರಿ, ಎಲ್ಲಕ್ಕಿಂತ ನಿಧಾನದ್ದೂ ಹೌದು. ಜಾಹೀರಾತು, ಸಂದರ್ಶನ, ಪೊಲೀಸ್ ಪರಿಶೀಲನೆ, ತರಬೇತಿ, ಊರು ಪರಿಚಯ ಎಲ್ಲ ಸೇರಿ ಒಬ್ಬರು ಒಬ್ಬರೇ ಗುಂಪು ನಡೆಸುವ ಹಂತಕ್ಕೆ ಬರಲು ನಮ್ಮಲ್ಲಿ ನಾಲ್ಕು ತಿಂಗಳು ಹಿಡಿಯಿತು. ಮಾರ್ಚ್ ಆಚೆಗೂ ಸಂಬಳದ ಹಣ ಖಚಿತವಿದ್ದರೆ ಮಾತ್ರ ಇದನ್ನು ಆರಿಸಿ. ಹಣ ಖಚಿತವಿಲ್ಲದೆ ಕರೆದು, ಆರು ತಿಂಗಳಿಗೆ ಕೈಬಿಟ್ಟರೆ ಆ ಊರಿನ ಮಕ್ಕಳು ಒಂದೇ ವರ್ಷದಲ್ಲಿ ಇಬ್ಬರನ್ನು ಕಳೆದುಕೊಳ್ಳುತ್ತಾರೆ.

ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ವಿದ್ಯಾರ್ಥಿಗಳು ಕ್ಷೇತ್ರಕಾರ್ಯಕ್ಕೆ ಬರುತ್ತಾರೆ, ಸಾಮಾನ್ಯವಾಗಿ ವಾರಕ್ಕೆ ಎರಡು ದಿನ. ಓದಿಕೊಂಡವರು, ಉತ್ಸಾಹವಿರುತ್ತದೆ, ಖರ್ಚು ಕಡಿಮೆ. ಆದರೆ ಅವರು ಕಲಿಯಲು ಬಂದವರು. ಪಕ್ಕದಲ್ಲಿ ಅನುಭವಿ ಒಬ್ಬರು ಇರಲೇಬೇಕು. ಆ ಅನುಭವಿಯೇ ಇಲ್ಲವೆಂದು ಇವರನ್ನು ಕರೆದರೆ ಕೆಲಸ ಹಗುರಾಗುವುದಿಲ್ಲ, ಹೆಚ್ಚಾಗುತ್ತದೆ. ಸೆಮಿಸ್ಟರ್ ಪರೀಕ್ಷೆ ಬಂದಾಗ ಹೋಗುತ್ತಾರೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಸಮೀಕ್ಷೆ, ದಾಖಲೆ, ಮನೆ ಭೇಟಿಯಂಥ ಕೆಲಸಕ್ಕೆ ಇವರು ತುಂಬ ಚೆನ್ನ.

ಕಾಲೇಜುಗಳ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಘಟಕಗಳ ಜತೆ ಕೈಜೋಡಿಸುವುದು ಇನ್ನೊಂದು. ಸ್ವಯಂಸೇವಕರು ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240 ಗಂಟೆ ಸೇವೆ ಮುಗಿಸಬೇಕು, ಜತೆಗೆ 7 ದಿನದ ವಿಶೇಷ ಶಿಬಿರ. ಬೇಸಿಗೆ ಶಿಬಿರ, ಕ್ರೀಡಾಕೂಟ, ಆರೋಗ್ಯ ತಪಾಸಣೆಯ ದಿನ ಇಂಥವಕ್ಕೆ ಅವರಂಥ ಬಲ ಬೇರೆ ಇಲ್ಲ. ವಾರವಾರದ ಗುಂಪಿಗೆ ಆಗುವುದಿಲ್ಲ. ನೆಹರು ಯುವ ಕೇಂದ್ರದ ರಾಷ್ಟ್ರೀಯ ಯುವ ಸ್ವಯಂಸೇವಕರ ಯೋಜನೆಯನ್ನು ನೋಡಿದವರಿಗೆ ಗೊತ್ತು: 18ರಿಂದ 29 ವರ್ಷದವರು, ಬ್ಲಾಕಿಗೆ ಇಬ್ಬರಂತೆ, ತಿಂಗಳಿಗೆ 5,000 ರೂ. ಗೌರವಧನ, ಹೆಚ್ಚೆಂದರೆ ಎರಡು ವರ್ಷ ಎಂಬುದು ಅದರ ಕ್ರಮವಾಗಿತ್ತು. ಆ ಗೌರವಧನದಲ್ಲಿ ಮನೆ ನಡೆಯುತ್ತಿರಲಿಲ್ಲ. ಆದರೆ ಅವಧಿ ಎಷ್ಟು ಎಂಬುದು ಮೊದಲ ದಿನವೇ ಎಲ್ಲರಿಗೂ ಗೊತ್ತಿರುತ್ತಿದ್ದುದು ಒಳ್ಳೆಯ ಗುಣ. ನಾವೂ ನೇಮಕ ಪತ್ರದಲ್ಲಿ ಹಾಗೆ ಬರೆಯತೊಡಗಿದೆವು.

ಈಗ ನನಗೆ ಹೆಚ್ಚು ನಂಬಿಕೆಯಿರುವ ದಾರಿಗೆ ಬರುತ್ತೇನೆ: ಇದೇ ಕಾರ್ಯಕ್ರಮದಲ್ಲಿ ಬೆಳೆದು ದೊಡ್ಡವರಾದವರು. ಹತ್ತನೇ ತರಗತಿಯಲ್ಲಿದ್ದಾಗ ಬರುತ್ತಿದ್ದ ಹುಡುಗಿ ಈಗ ಬಿ.ಎ. ಕೊನೆಯ ವರ್ಷದಲ್ಲಿರುತ್ತಾಳೆ. ಊರು ಗೊತ್ತು, ಯಾರ ಮನೆಯಲ್ಲಿ ಏನು ನಡೆದಿದೆ ಗೊತ್ತು, ಕೊನೆಯ ಬಸ್ಸಿನ ಚಿಂತೆ ಇಲ್ಲ, ಏಕೆಂದರೆ ಅವಳು ಅದೇ ಊರಿನವಳು. ಸ್ಕೌಟ್ಸ್‌ನಲ್ಲಿ ಆರೆಂಟು ಮಕ್ಕಳ ಪಟ್ರೋಲ್ ಎಂಬ ಸಣ್ಣ ತಂಡ ಮಾಡಿ, ಅವರಲ್ಲೇ ಒಬ್ಬರನ್ನು ಮುಂದಾಳು ಮಾಡುವ ಕ್ರಮ ನೂರು ವರ್ಷಕ್ಕೂ ಹಿಂದಿನಿಂದ ನಡೆದು ಬಂದಿದೆ. ದೊಡ್ಡವರು ಕಡಿಮೆ ಇದ್ದಾಗಲೂ ಗುಂಪು ನಿಲ್ಲುವುದು ಅದರಿಂದಲೇ.

ಇದರ ತೊಡಕುಗಳೂ ಇವೆ, ಮುಚ್ಚಿಡುವುದಿಲ್ಲ. ನಿನ್ನೆಯವರೆಗೆ ಗೆಳತಿಯಾಗಿದ್ದವಳು ಇಂದು ಹಾಜರಿ ಹಿಡಿದರೆ ಹುಡುಗಿಯರು ಗುಟ್ಟು ಹೇಳಲು ಹಿಂಜರಿಯುತ್ತಾರೆ. ಊರಿನ ಜಾತಿ, ಓಣಿಯ ಲೆಕ್ಕ ಅವಳ ಹೆಗಲ ಮೇಲೂ ಇರುತ್ತದೆ, ಒಂದು ಓಣಿಯವಳು ಇನ್ನೊಂದು ಓಣಿಯ ಮಕ್ಕಳನ್ನು ಕರೆಯಲು ಹೋದಾಗ ಬಾಗಿಲಲ್ಲೇ ನಿಲ್ಲಿಸಿದ್ದನ್ನು ನೋಡಿದ್ದೇನೆ. ಹೀಗಾಗಿ ಎರಡು ಮಾತು. ಸಾಧ್ಯವಿದ್ದರೆ ಬೇರೆ ಬೇರೆ ಓಣಿಯ ಇಬ್ಬರನ್ನು ಜೋಡಿಯಾಗಿ ತೆಗೆದುಕೊಳ್ಳಿ. ಮತ್ತು ‘ನಮ್ಮ ಹುಡುಗಿಯೇ ಅಲ್ಲವೇ’ ಎಂದು ಪುಕ್ಕಟೆ ದುಡಿಸಬೇಡಿ. ಗೌರವಧನ, ಓಡಾಟದ ಖರ್ಚು, ಫೋನಿನ ರೀಚಾರ್ಜ್ ಮೂರನ್ನೂ ತಿಂಗಳ ಐದನೇ ತಾರೀಕಿಗೆ ಕೊಡಿ. 18 ತುಂಬದವರಿಗೆ ಗುಂಪಿನ ಹೊಣೆ ಕೊಡಲೇಬಾರದು.

ಯಾವ ದಾರಿ ಹಿಡಿದರೂ ಒಂದು ವಿಷಯದಲ್ಲಿ ರಿಯಾಯಿತಿ ಇಲ್ಲ. ಜನ ಸಿಗುತ್ತಿಲ್ಲವೆಂದು ಹಿನ್ನೆಲೆ ವಿಚಾರಿಸದೆ ಯಾರನ್ನೂ ಮಕ್ಕಳ ಮಧ್ಯೆ ಬಿಡಬೇಡಿ. ಹಿಂದೆ ಕೆಲಸ ಮಾಡಿದ ಕಡೆ ಇಬ್ಬರಿಗಾದರೂ ಫೋನ್ ಮಾಡಿ ಕೇಳಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ಗೊತ್ತಾದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯಡಿ ಕಡ್ಡಾಯ, ಮುಚ್ಚಿಟ್ಟರೆ ಅದೇ ಅಪರಾಧ. ಮಕ್ಕಳ ಸಹಾಯವಾಣಿ 1098. ಸ್ವಯಂಸೇವಕರಿಗೂ, ಒಂದೇ ದಿನಕ್ಕೆ ಬರುವವರಿಗೂ ಇದನ್ನು ಮೊದಲ ದಿನವೇ ಹೇಳಬೇಕು.

ಮುಂದಾಳು: ಒಳಗಿನವರೋ, ಹೊರಗಿನವರೋ

ನಮ್ಮ ಮಂಡಳಿಯಲ್ಲಿ ಜಗಳವಾದದ್ದು ಇಲ್ಲಿ. ಉಳಿದ ಮೂವರಲ್ಲಿ ಒಬ್ಬರು ಆರು ವರ್ಷದಿಂದ ಇದ್ದರು. ಮಾತು ಕಡಿಮೆ, ಇಂಗ್ಲಿಷ್ ವರದಿ ಬರೆಯಲು ಬಾರದು. ಆದರೆ ಯಾವ ಊರಿನಲ್ಲಿ ಗಲಾಟೆಯಾದರೂ ಹುಡುಗರು ಮೊದಲು ಕರೆಯುತ್ತಿದ್ದುದು ಅವರನ್ನು. ಹೊರಗಿನಿಂದ ಬಂದ ಅರ್ಜಿಗಳಲ್ಲಿ ಒಬ್ಬರು ಬೆಂಗಳೂರಿನಲ್ಲಿ ಹತ್ತು ವರ್ಷ ದುಡಿದವರು, ದೇಣಿಗೆ ತರುವುದರಲ್ಲಿ, ಯೋಜನೆ ಬರೆಯುವುದರಲ್ಲಿ ಪಳಗಿದ ಕೈ.

ಹೊರಗಿನವರು ಬಂದರೆ ಹಳೆಯ ಹಗೆ, ಹಳೆಯ ಸಲಿಗೆ ಯಾವುದೂ ಇರುವುದಿಲ್ಲ. ತಂಡದಲ್ಲಿ ಗುಂಪುಗಾರಿಕೆ ಇದ್ದರೆ, ಲೆಕ್ಕಪತ್ರ ಕೆಟ್ಟಿದ್ದರೆ, ಹಳೆಯ ಮುಖ್ಯಸ್ಥರ ಮೇಲೇ ದೂರಿದ್ದರೆ ಹೊರಗಿನವರೇ ಬೇಕು, ಅನುಮಾನವಿಲ್ಲ. ಆದರೆ ಅವರು ಊರು, ಮಕ್ಕಳು, ತಂದೆತಾಯಿ, ಮುಖ್ಯ ಶಿಕ್ಷಕರು, ಪಿಡಿಒ ಎಲ್ಲರನ್ನೂ ಅರಿಯಲು ಒಂದು ವರ್ಷ ಬೇಕು. ಆ ವರ್ಷ ಅವರನ್ನು ಹಿಡಿದು ನಡೆಸಲು ತಂಡ ಗಟ್ಟಿಯಾಗಿರಬೇಕು. ಜನ ಕಡಿಮೆಯಿರುವ ಹೊತ್ತಿನಲ್ಲಿ ನಿಮ್ಮ ಬಳಿ ಇಲ್ಲದಿರುವುದೂ ಅದೇ. ಹೀಗಾಗಿ ಎರಡೂ ಕೊರತೆ ಒಟ್ಟಿಗೆ ಬಂದಾಗ ನಾನು ಒಳಗಿನವರ ಕಡೆಗೇ ವಾಲುತ್ತೇನೆ.

ಒಳಗಿನವರನ್ನು ಆರಿಸುವಾಗ ಬಹಳ ವರ್ಷ ಇದ್ದವರು ಎಂಬುದೊಂದೇ ಅಳತೆಯಾದರೆ ಎಡವುತ್ತೀರಿ. ನಾನು ನೋಡುವುದು ಎರಡು. ಕಷ್ಟ ಬಂದಾಗ ಮಕ್ಕಳು ಯಾರಿಗೆ ಫೋನ್ ಮಾಡುತ್ತಾರೆ? ಸಹೋದ್ಯೋಗಿ ತಪ್ಪು ಮಾಡಿದಾಗ ಎದುರಿಗೆ ಹೇಳುವ ಧೈರ್ಯ ಯಾರಿಗಿದೆ? ಎರಡನೆಯದು ಇಲ್ಲದಿದ್ದರೆ ಒಳ್ಳೆಯ ಕಾರ್ಯಕರ್ತರೊಬ್ಬರನ್ನು ಕಳೆದುಕೊಂಡು ಸೋತ ಮುಖ್ಯಸ್ಥರೊಬ್ಬರನ್ನು ಪಡೆಯುತ್ತೀರಿ. ಇಂಗ್ಲಿಷ್ ವರದಿ ಬರೆಯುವವರನ್ನು ಅರೆಕಾಲಿಕವಾಗಿ ಹುಡುಕಬಹುದು. ನಾವು ಹಾಗೇ ಮಾಡಿದೆವು: ಆರು ವರ್ಷದಿಂದ ಇದ್ದವರನ್ನೇ ಆರಿಸಿದೆವು, ವರದಿಗೆ ಧಾರವಾಡದ ಒಬ್ಬರು ತಿಂಗಳಿಗೆ ನಾಲ್ಕು ದಿನ ಬರುತ್ತಾರೆ.

ಇಬ್ಬರನ್ನು ಜಂಟಿಯಾಗಿ ಮಾಡೋಣ ಎಂಬ ಸಲಹೆಯೂ ಬಂತು. ಯಾರಿಗೂ ಬೇಸರವಾಗದಿರಲಿ ಎಂದು ಮಾಡುವ ಜಂಟಿ ನಿಲ್ಲುವುದಿಲ್ಲ. ಒಬ್ಬರಿಗೆ ಊರುಗಳ ಕೆಲಸ, ಇನ್ನೊಬ್ಬರಿಗೆ ಹಣ ಮತ್ತು ಕಚೇರಿ ಎಂದು ಗೆರೆ ಎಳೆದು ಬರೆದು, ಭಿನ್ನಾಭಿಪ್ರಾಯ ಬಂದರೆ ಯಾರ ಮಾತು ಕೊನೆ ಎಂಬುದನ್ನೂ ಬರೆದರೆ ನಡೆಯಬಹುದು.

ತಾತ್ಕಾಲಿಕ ಹೊಣೆ ಕೊಡುವುದು ಆರು ತಿಂಗಳಿಗೆ ಸರಿ, ಅದಕ್ಕಿಂತ ಒಂದು ದಿನ ಹೆಚ್ಚಾದರೂ ತಪ್ಪು. ‘ಪ್ರಭಾರಿ’ ಎಂಬ ಪದ ಹೊತ್ತು ಎರಡು ವರ್ಷ ದುಡಿದವರನ್ನು ಬಲ್ಲೆ. ಮುಖ್ಯಸ್ಥರ ಕೆಲಸ, ಕಾರ್ಯಕರ್ತರ ಸಂಬಳ. ತಾತ್ಕಾಲಿಕ ಅಂದರೆ ಕೊನೆಯ ದಿನಾಂಕವೂ ಪತ್ರದಲ್ಲಿರಬೇಕು, ಆ ಅವಧಿಯ ಹೆಚ್ಚುವರಿ ಸಂಬಳವೂ ಇರಬೇಕು.

ಸ್ಥಾಪಕರು ಮರಳಿ ಬಂದು ಕೂರುವುದು ಅನೇಕ ಕಡೆ ನಡೆಯುತ್ತದೆ. ಅವರ ಮೇಲೆ ನನಗೆ ಅಪಾರ ಗೌರವವಿದೆ, ಅವರಿಲ್ಲದೆ ಈ ಯಾವ ಕಾರ್ಯಕ್ರಮವೂ ಹುಟ್ಟುತ್ತಿರಲಿಲ್ಲ. ಆದರೂ ಬೇಡ ಎನ್ನುತ್ತೇನೆ. ಅವರು ಬಂದ ದಿನ ತಂಡ ಯೋಚಿಸುವುದನ್ನು ನಿಲ್ಲಿಸುತ್ತದೆ, ‘ಅಪ್ಪಾರು ಹೇಳಿದಂಗ’ ಎಂದು ಕಾಯುತ್ತದೆ. ಎನ್‌ಎಸ್‌ಎಸ್‌ನ ಒಂದು ಕ್ರಮ ನನಗೆ ಇಷ್ಟ: ಕಾರ್ಯಕ್ರಮಾಧಿಕಾರಿಯ ಅವಧಿ ಮೂರು ವರ್ಷ, ಬೇಕಾದರೆ ಇನ್ನೊಂದು ವರ್ಷ, ಆಮೇಲೆ ಬೇರೆಯವರು. 1969ರಲ್ಲಿ 37 ವಿಶ್ವವಿದ್ಯಾಲಯಗಳಲ್ಲಿ ಶುರುವಾದದ್ದು ಇಷ್ಟು ಜನರ ಕೈ ಬದಲಾಗಿಯೂ ನಡೆಯುತ್ತಿದೆ. ಬದಲಾವಣೆ ಅಲ್ಲಿ ಆಘಾತವಲ್ಲ, ಕ್ಯಾಲೆಂಡರಿನಲ್ಲಿ ಬರೆದದ್ದು.

ಹಸ್ತಾಂತರಕ್ಕೆ ಎಷ್ಟು ದಿನ, ಏನೇನು

ಒಂದು ವಾರದ ಹಸ್ತಾಂತರದಲ್ಲಿ ಕೀಲಿಕೈ, ಕಡತ, ಲ್ಯಾಪ್‌ಟಾಪ್ ಕೈಬದಲಾಗುತ್ತವೆ, ಅಷ್ಟೇ. ಆರು ತಿಂಗಳಾದರೆ ಇಬ್ಬರು ಮುಖ್ಯಸ್ಥರಾಗಿ ತಂಡ ಒಡೆಯುತ್ತದೆ. ನನ್ನ ಅನುಭವದಲ್ಲಿ ಆರರಿಂದ ಎಂಟು ವಾರ ಸರಿ. ಅದರಲ್ಲೂ ಮೊದಲ ಅರ್ಧ ಹಳಬರು ಮುಂದೆ, ಹೊಸಬರು ಪಕ್ಕದಲ್ಲಿ. ಉಳಿದರ್ಧ ಹೊಸಬರು ಮುಂದೆ, ಹಳಬರು ಹಿಂದಿನ ಬೆಂಚಿನಲ್ಲಿ. ತಿರುಗುವ ದಿನ ಯಾವುದು ಎಂದು ತಂಡಕ್ಕೆ ಗೊತ್ತಿರಬೇಕು.

ಕಾಗದದ ಕೆಲಸವನ್ನು ಬೇಗ ಹೇಳಿ ಮುಗಿಸುತ್ತೇನೆ. ಬ್ಯಾಂಕಿನಲ್ಲಿ ಸಹಿ ಬದಲಿಸುವುದು ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು ದಿನ ಹಿಡಿಯುತ್ತದೆ, ಮೊದಲ ವಾರವೇ ಶುರು ಮಾಡಿ. ಹೊರಡುವವರು ಪದಾಧಿಕಾರಿಯೂ ಆಗಿದ್ದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿದ ಸಂಘ ಆಡಳಿತ ಮಂಡಳಿಯ ಪಟ್ಟಿಯನ್ನು ರಿಜಿಸ್ಟ್ರಾರ್‌ಗೆ ವರ್ಷವರ್ಷ ಸಲ್ಲಿಸುವಾಗ ಹೊಸ ಹೆಸರು ಇರಬೇಕು. ವಿದೇಶಿ ದೇಣಿಗೆಯ ನೋಂದಣಿ ಇದ್ದರೆ ಪ್ರಮುಖ ಪದಾಧಿಕಾರಿಗಳ ಬದಲಾವಣೆಯನ್ನು ಕೇಂದ್ರ ಗೃಹ ಸಚಿವಾಲಯಕ್ಕೂ ತಿಳಿಸಬೇಕು. ಓಟಿಪಿ ಹೊರಡುವವರ ಸ್ವಂತ ಮೊಬೈಲಿಗೆ ಹೋಗುತ್ತಿರುವ ಪೋರ್ಟಲ್‌ಗಳು ಎಷ್ಟಿವೆ ಎಂದು ಕೂತು ಪಟ್ಟಿ ಮಾಡಿ. ನಮ್ಮಲ್ಲಿ ಐದು ಇದ್ದವು.

ಆದರೆ ನಿಜವಾದ ಹಸ್ತಾಂತರ ಆದದ್ದು ಒಂದು ನೋಟ್‌ಬುಕ್ಕಿನ ಮೂಲಕ. ನೀಲಿ ರಟ್ಟಿನ, ಉದ್ದ ಗೆರೆಯ, 200 ಪುಟದ್ದು. ಫೆಬ್ರವರಿಯ ಮೂರು ಶನಿವಾರ ಹಳೆಯ ಸಂಯೋಜಕಿ, ಹೊಸಬರು ಇಬ್ಬರೂ ಕಚೇರಿಯ ಹಿಂದಿನ ಕೋಣೆಯಲ್ಲಿ ಕೂತು, ಊರಿನ ನಂತರ ಊರು, ಹೆಸರಿನ ನಂತರ ಹೆಸರು ಮಾತಾಡಿದರು. ಒಂದು ದಿನ ನಾನೂ ಇದ್ದೆ. ಹಾಜರಿ ಪುಸ್ತಕದಲ್ಲಿ ಬರೀ ಹೆಸರು, ವಯಸ್ಸು, ತರಗತಿ. ಈ ನೋಟ್‌ಬುಕ್ಕಿನಲ್ಲಿ ಹೀಗಿತ್ತು: ‘ಇವಳ ಮನೆಗೆ ಫೋನ್ ಮಾಡುವುದಾದರೆ ಅಪ್ಪನ ನಂಬರಿಗೆ ಬೇಡ, ಚಿಕ್ಕಮ್ಮನ ನಂಬರಿಗೆ ಮಾಡಿ.’ ‘ಇವನಿಗೆ ಓದಲು ಬರುವುದಿಲ್ಲ, ಎಲ್ಲರ ಎದುರು ಓದಿಸಬೇಡಿ. ಚೆಸ್ ಬೋರ್ಡ್ ಜೋಡಿಸಲು ಹೇಳಿ, ಅದರ ಜತೆ ಮಾತಿಗೆ ಬರುತ್ತಾನೆ.’ ‘ಈ ಇಬ್ಬರು ಅಕ್ಕತಂಗಿಯರು ಕ್ರಾಸಿಂಗ್ ಹೊತ್ತಿಗೆ ಬರುವುದಿಲ್ಲ. ಮುಗಿದ ಮೇಲೂ ತಾವಾಗಿ ಬರುವುದಿಲ್ಲ, ಮನೆಗೆ ಹೋಗಿ ಕರೆಯಬೇಕು.’ ಒಂದು ಹೆಸರಿನ ಎದುರು ಏನೂ ಬರೆದಿರಲಿಲ್ಲ. ಹೊಸಬರು ಕೇಳಿದರು. ‘ಇದನ್ನು ಬರಿಯೋದು ಬ್ಯಾಡ, ಹೇಳತೀನಿ’ ಎಂದರು. ನಾನು ಎದ್ದು ಹೊರಗೆ ಬಂದೆ. ಮಗು ನಂಬಿ ಹೇಳಿದ ಮಾತನ್ನು ಇನ್ನೊಬ್ಬರಿಗೆ ದಾಟಿಸುವ ಮೊದಲು ಆ ಮಗುವನ್ನು ಕೇಳಬೇಕು, ಮತ್ತು ಅವರು ಕೇಳಿಯೇ ಬಂದಿದ್ದರು. ಅಂಥ ನೋಟ್‌ಬುಕ್ಕು ಬೀಗ ಹಾಕಿದ ಕಪಾಟಿನಲ್ಲಿರಬೇಕು, ಫೋಟೊ ತೆಗೆದು ವಾಟ್ಸ್ಯಾಪಿನಲ್ಲಿ ಕಳಿಸುವ ವಸ್ತುವಲ್ಲ.

ಫೋನಿನದೇ ಒಂದು ಪಾಠ. ನೂರಾರು ಮಕ್ಕಳ ಬಳಿ ಇದ್ದದ್ದು ಹಳೆಯ ಸಂಯೋಜಕಿಯ ಸ್ವಂತ ನಂಬರು. ಅವರು ಹೋದರೆ ಕಾರ್ಯಕ್ರಮವೇ ಅವರ ಜೇಬಿನಲ್ಲಿ ಹೋದ ಹಾಗೆ. ಹೊಸ ಸಿಮ್ ತೆಗೆದುಕೊಂಡು, ಕಾರ್ಯಕ್ರಮದ ಹೆಸರಿನಲ್ಲಿ ಒಂದು ಸಾದಾ ಫೋನಿಗೆ ಹಾಕಿದೆವು. ಎರಡು ತಿಂಗಳು ಎರಡೂ ನಂಬರು ನಡೆದವು. ಹಳೆಯ ನಂಬರಿಗೆ ಬಂದ ಕರೆಗೆ ಅವರು ‘ನಾನ ಅದೀನಿ, ಆದ್ರ ಈ ನಂಬರಿಗೆ ಮಾಡು’ ಎಂದು ಪ್ರತಿ ಸಲ ಹೇಳಿದರು. ಈ ತಾಳ್ಮೆ ಎಲ್ಲರಿಗೂ ಇರುವುದಿಲ್ಲ, ಹೊರಡುವವರನ್ನು ಮುಂಚೆಯೇ ಕೇಳಿಕೊಳ್ಳಿ.

ಮಕ್ಕಳಿಗೆ ಯಾವಾಗ, ಯಾರು ಹೇಳಬೇಕು

ಕೊನೆಯ ದಿನ ಬೀಳ್ಕೊಡುಗೆ ಮಾಡಿ ಆಗ ಹೇಳಿದರಾಯಿತು ಎನ್ನುವವರಿದ್ದಾರೆ, ಮಕ್ಕಳು ಬೇಸರ ಮಾಡಿಕೊಳ್ಳದಿರಲಿ ಎಂಬ ಒಳ್ಳೆಯ ಮನಸ್ಸಿನಿಂದ. ಇನ್ನು ಕೆಲವರು ಗೊತ್ತಾದ ದಿನವೇ ಹೇಳಿಬಿಡುತ್ತಾರೆ. ಹೊಸಬರು ಯಾರೆಂದು ತೀರ್ಮಾನವಾಗುವ ಮೊದಲೇ ಹೇಳಿದರೆ ಮಕ್ಕಳ ಮನಸ್ಸಿನಲ್ಲಿ ಉಳಿಯುವುದು ಖಾಲಿ ಕುರ್ಚಿ ಮಾತ್ರ. ಕೊನೆಯ ದಿನ ಹೇಳಿದರೆ ಮೋಸ ಹೋದ ಭಾವ. ಹೊಸಬರು ನಿಗದಿಯಾದ ವಾರವೇ, ಹೊರಡಲು ಆರೇಳು ವಾರ ಇರುವಾಗ, ಹಳಬರೇ ಬಾಯಿಬಿಟ್ಟು ಹೇಳುವುದು ಸರಿ. ಪಕ್ಕದಲ್ಲಿ ಹೊಸಬರು ಕೂತಿರಬೇಕು.

ಒಂದು ಊರಿನಲ್ಲಿ ಒಂಬತ್ತನೇ ತರಗತಿಯ ಹುಡುಗಿ ಕೇಳಿದಳು: ‘ಅಕ್ಕಾರ, ನೀವು ಹೋದ್ರ ನಾವು ಯಾರಿಗ್ ಹೇಳೋಣ್ರಿ?’ ಸಂಯೋಜಕಿ ಸಮಾಧಾನದ ಮಾತು ಹೇಳಲಿಲ್ಲ. ಪಕ್ಕಕ್ಕೆ ತಿರುಗಿ, ‘ಇವರಿಗೆ. ಮತ್ತ ಇವರು ಕೇಳಲಿಲ್ಲ ಅಂದ್ರ ಈ ನಂಬರಿಗೆ’ ಎಂದು ಮಂಡಳಿಯ ಒಬ್ಬ ಸದಸ್ಯೆಯ ಹೆಸರು, ನಂಬರು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರು. ಎಲ್ಲ 8 ಊರುಗಳಲ್ಲೂ ಆ ಎರಡು ನಂಬರು ಈಗ ಪೇಂಟಿನಲ್ಲಿವೆ.

ಬಿಟ್ಟಿದ್ದ 6 ಊರುಗಳಲ್ಲಿ ಎರಡಕ್ಕೆ ನಂತರದ ಜೂನ್‌ನಲ್ಲಿ ಮರಳಿ ಹೋದೆವು, ಅಲ್ಲಿಯ ಹಳೆಯ ವಿದ್ಯಾರ್ಥಿನಿಯರೇ ಇಬ್ಬರು ಗುಂಪು ನಡೆಸಲು ಸಿಕ್ಕಿದ ಮೇಲೆ. ಉಳಿದ ನಾಲ್ಕಕ್ಕೆ ಇನ್ನೂ ಜನ ಸಿಕ್ಕಿಲ್ಲ.

ಏಪ್ರಿಲ್‌ನ ಬೇಸಿಗೆ ಶಿಬಿರಕ್ಕೆ ತಾನೂ ಬರಲೇ ಎಂದು ಹಳೆಯ ಸಂಯೋಜಕಿ ಕೇಳಿದ್ದರು. ಮುಖ್ಯಸ್ಥರಾಗಿ ಹೊಸಬರಿಗೆ ಅದು ಮೊದಲ ಶಿಬಿರ. ಮಕ್ಕಳೆಲ್ಲ ಹಳೆಯ ಅಕ್ಕನ ಸುತ್ತ ಸೇರುತ್ತಾರೆಂದು ಗೊತ್ತಿತ್ತು. ಹೇಳಲು ನಾಲಿಗೆ ಏಳಲಿಲ್ಲ, ಆದರೂ ಹೇಳಿದೆ: ಈ ವರ್ಷ ಬೇಡಿ, ಬರುವ ವರ್ಷ ಬನ್ನಿ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆಯಿತು ಎಂದರು. ಮರುವರ್ಷ ಕೊನೆಯ ದಿನದ ಆಟಗಳಿಗೆ ಬಂದರು, ಕೊಕ್ಕೊಗೆ ಸೀಟಿ ಊದಿದರು, ಸಂಜೆಯ ಬಸ್ಸಿಗೆ ಹೊರಟರು.